ಕೈಸರೈಯದ ಗ್ರಂಥಾಲಯ ಮತ್ತು ಬೈಬಲ್ ಪಾಠಪರಿಷ್ಕರಣೆಯ ಉದಯ

ಹೆರೋದ ರಾಜನು ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯ ದಶಕಗಳಲ್ಲಿ ಪ್ಯಾಲೆಸ್ಟೈನಿನ ಕಡಲತೀರದಲ್ಲಿ ಕಟ್ಟಿಸಿ, ಅಗಸ್ಟಸ್ ಸೀಸರನ ಗೌರವಾರ್ಥವಾಗಿ ಹೆಸರಿಟ್ಟ ಬಂದರು ಪಟ್ಟಣವೇ ಕೈಸರೈಯ. ರೋಮನ್ ಶತಾಧಿಪತಿಯಾದ ಕೊರ್ನೇಲ್ಯನು ಪೇತ್ರನ ಬೋಧೆಯನ್ನು ಕೇಳಿ ದೀಕ್ಷಾಸ್ನಾನ ಪಡೆದದ್ದೂ ಪೌಲನು ಎರಡು ವರ್ಷ ಸೆರೆಯಲ್ಲಿದ್ದದ್ದೂ ಇಲ್ಲಿಯೇ ಎಂದು ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥವು ತಿಳಿಸುತ್ತದೆ. ಆದರೆ ಬೈಬಲ್ ಅಧ್ಯಯನದ ಚರಿತ್ರೆಯಲ್ಲಿ ಈ ಪಟ್ಟಣಕ್ಕೆ ದೊರೆತಿರುವ ಸ್ಥಾನವು ಮುಖ್ಯವಾಗಿ 3 ಮತ್ತು 4ನೆಯ ಶತಮಾನಗಳಲ್ಲಿ ಅಲ್ಲಿ ಬೆಳೆದ ಗ್ರಂಥಾಲಯದಿಂದ ಬಂದದ್ದು. ಪವಿತ್ರವೆಂದು ನಂಬಿದ ಗ್ರಂಥದ ಪ್ರತಿಗಳನ್ನೂ ಒಂದಕ್ಕೊಂದು ಹೋಲಿಸಿ, ವ್ಯತ್ಯಾಸಗಳನ್ನು ಮುಚ್ಚಿಡದೆ ಗುರುತಿಸಬೇಕೆಂಬ ಶಿಸ್ತು ಕ್ರೈಸ್ತ ವಿದ್ವತ್ತಿನಲ್ಲಿ ನೆಲೆಗೊಂಡದ್ದು ಅಲ್ಲಿ.

ಈ ಕಾರ್ಯದ ಮೂಲಪುರುಷ ಒರಿಜೆನ್. ಅಲೆಕ್ಸಾಂಡ್ರಿಯದಲ್ಲಿ ಸುಮಾರು 185ರಲ್ಲಿ ಹುಟ್ಟಿ, ತಂದೆಯನ್ನು ಧಾರ್ಮಿಕ ಹಿಂಸೆಯಲ್ಲಿ ಕಳೆದುಕೊಂಡ ಈತನು, ಅಲ್ಲಿನ ಬಿಷಪ್ ದೆಮೇತ್ರಿಯಸ್‌ನೊಡನೆ ಉಂಟಾದ ವಿರಸದಿಂದ 230ರ ದಶಕದ ಆರಂಭದಲ್ಲಿ ಕೈಸರೈಯಕ್ಕೆ ಬಂದು ನೆಲೆಸಿದನು. ಆಂಬ್ರೋಸ್ ಎಂಬ ಶ್ರೀಮಂತ ಶಿಷ್ಯನು ಈತನ ನೆರವಿಗಾಗಿ ಏಳಕ್ಕಿಂತ ಹೆಚ್ಚು ಶೀಘ್ರಲಿಪಿಕಾರರನ್ನೂ, ಅಷ್ಟೇ ಸಂಖ್ಯೆಯ ನಕಲುಗಾರರನ್ನೂ, ಅಂದವಾಗಿ ಬರೆಯಬಲ್ಲ ಯುವತಿಯರನ್ನೂ ನೇಮಿಸಿದ್ದನೆಂದು ಚರಿತ್ರಕಾರ ಯುಸೀಬಿಯಸ್ ಬರೆದಿದ್ದಾನೆ.

ಒರಿಜೆನ್ ಎದುರಿಸಿದ ಸಮಸ್ಯೆ ಸ್ಪಷ್ಟವಾಗಿತ್ತು. ಕ್ರೈಸ್ತರು ಹಳೆಯ ಒಡಂಬಡಿಕೆಯನ್ನು ಓದುತ್ತಿದ್ದುದು ಸೆಪ್ಟುವಜಿಂಟ್ ಎಂಬ ಗ್ರೀಕ್ ಭಾಷಾಂತರದಲ್ಲಿ. ಅಲೆಕ್ಸಾಂಡ್ರಿಯದಲ್ಲಿ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಆರಂಭವಾದ ಆ ಭಾಷಾಂತರದ ಪ್ರತಿಗಳು ನಕಲುಗಾರರ ಅಜಾಗ್ರತೆಯಿಂದಲೂ ಸ್ವಚ್ಛಂದ ತಿದ್ದುಪಡಿಗಳಿಂದಲೂ ಪರಸ್ಪರ ಭಿನ್ನವಾಗಿದ್ದವಲ್ಲದೆ, ಯೆಹೂದ್ಯರು ಓದುತ್ತಿದ್ದ ಹೀಬ್ರೂ ಪಾಠಕ್ಕೂ ಹಲವೆಡೆ ಹೊಂದುತ್ತಿರಲಿಲ್ಲ. ಯೆಹೂದ್ಯ ವಿದ್ವಾಂಸರೊಡನೆ ಚರ್ಚಿಸುವಾಗ ಅವರ ಪ್ರತಿಗಳಲ್ಲಿ ಇಲ್ಲದ ಮಾತನ್ನು ಆಧಾರವಾಗಿ ಒಡ್ಡಬಾರದೆಂಬ ಎಚ್ಚರವು ತನ್ನ ಪರಿಶ್ರಮದ ಹಿಂದಿದೆಯೆಂದು ಒರಿಜೆನ್ ಆಫ್ರಿಕಾನಸ್ ಎಂಬ ವಿದ್ವಾಂಸನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ.

ಆ ಪರಿಶ್ರಮದ ಫಲವೇ ಹೆಕ್ಸಪ್ಲ, ಅಂದರೆ ಆರು ಅಂಕಣಗಳ ಬೈಬಲ್. ಮೊದಲ ಅಂಕಣದಲ್ಲಿ ಹೀಬ್ರೂ ಪಾಠ, ಎರಡನೆಯದರಲ್ಲಿ ಅದೇ ಪಾಠದ ಉಚ್ಚಾರಣೆ ಗ್ರೀಕ್ ಲಿಪಿಯಲ್ಲಿ, ಮುಂದೆ ಅಕ್ವಿಲ ಮತ್ತು ಸಿಮ್ಮಾಕಸ್‌ರ ಭಾಷಾಂತರಗಳು, ಐದನೆಯದರಲ್ಲಿ ಸೆಪ್ಟುವಜಿಂಟ್, ಕೊನೆಯದರಲ್ಲಿ ಥಿಯೊಡೋಶನ್‌ನ ಭಾಷಾಂತರ ಹೀಗೆ ಪದಕ್ಕೆ ಪದ ಎದುರುಬದುರಾಗಿ ಬರುವಂತೆ ಅದನ್ನು ಜೋಡಿಸಲಾಗಿತ್ತು. ಹೋಮರನ ಕಾವ್ಯಗಳನ್ನು ಪರಿಷ್ಕರಿಸಿದ ಅಲೆಕ್ಸಾಂಡ್ರಿಯದ ಪಂಡಿತರು ಬಳಸಿದ್ದ ಚಿಹ್ನೆಗಳನ್ನು ಒರಿಜೆನ್ ತನ್ನ ಕೆಲಸಕ್ಕೆ ಅಳವಡಿಸಿಕೊಂಡನು: ಹೀಬ್ರೂವಿನಲ್ಲಿ ಇಲ್ಲದ ಗ್ರೀಕ್ ಮಾತುಗಳಿಗೆ ಒಬೆಲಸ್ ಎಂಬ ಅಡ್ಡಗೆರೆಯನ್ನೂ, ಹೀಬ್ರೂವಿನಲ್ಲಿದ್ದು ಗ್ರೀಕ್‌ನಲ್ಲಿ ಬಿಟ್ಟುಹೋದದ್ದನ್ನು ಇತರ ಭಾಷಾಂತರಗಳಿಂದ ತಂದು ಸೇರಿಸಿದ ಕಡೆ ನಕ್ಷತ್ರಚಿಹ್ನೆಯನ್ನೂ ಇಟ್ಟನು. ಸಂದೇಹಾಸ್ಪದವಾದುದನ್ನು ಸಂಪೂರ್ಣವಾಗಿ ತೆಗೆದುಹಾಕುವ ಧೈರ್ಯ ತನಗಿರಲಿಲ್ಲವೆಂದು ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ಆತನೇ ಹೇಳಿಕೊಂಡಿದ್ದಾನೆ. ಪರಂಪರೆಯನ್ನು ಅಳಿಸದೆ, ವಿಮರ್ಶೆಯನ್ನೂ ಬಿಡದೆ, ತೀರ್ಮಾನವನ್ನು ಓದುಗನ ಕಣ್ಣೆದುರಿಗೆ ತೆರೆದಿಟ್ಟ ಈ ಕ್ರಮವೇ ಆತನ ಸಾಧನೆಯ ತಿರುಳು.

ಚಕ್ರವರ್ತಿ ಡೀಶಿಯಸ್‌ನ ಕಾಲದ ಹಿಂಸೆಯಲ್ಲಿ ಚಿತ್ರವಧೆಗೆ ಗುರಿಯಾದ ಒರಿಜೆನ್ ಕೆಲವೇ ವರ್ಷಗಳಲ್ಲಿ ತೀರಿಕೊಂಡನು. ಆತನ ಗ್ರಂಥಗಳನ್ನು ಸಂಗ್ರಹಿಸಿ, ಸ್ವಹಸ್ತದಿಂದ ನಕಲು ಮಾಡಿ, ಗ್ರಂಥಾಲಯವನ್ನು ಬೆಳೆಸಿದವನು ಪ್ಯಾಂಫಿಲಸ್. ಸುಮಾರು 310ರಲ್ಲಿ ಹುತಾತ್ಮನಾಗುವ ಮುನ್ನ ಆತನು ಸೆರೆಮನೆಯಲ್ಲಿದ್ದುಕೊಂಡೇ ಅಂಟೋನಿನಸ್ ಎಂಬ ಸಂಗಾತಿಯೊಡನೆ ಹೆಕ್ಸಪ್ಲದ ಆಧಾರದ ಮೇಲೆ ಬೈಬಲಿನ ಒಂದು ಪ್ರತಿಯನ್ನು ತಿದ್ದಿದನೆಂಬ ಟಿಪ್ಪಣಿಯು ಸಿನೈ ಹಸ್ತಪ್ರತಿ ಎಂಬ ಪ್ರಾಚೀನ ಗ್ರೀಕ್ ಬೈಬಲಿನಲ್ಲಿ ಎಸ್ತೇರಳ ಗ್ರಂಥದ ಕೊನೆಗೆ ಉಳಿದುಬಂದಿದೆ. ಆತನ ಶಿಷ್ಯ ಯುಸೀಬಿಯಸ್ ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು, ಇದೇ ಭಂಡಾರದ ನೆರವಿನಿಂದ ಮೊದಲ ಸಭಾಚರಿತ್ರೆಯನ್ನು ರಚಿಸಿದನು. ಕಾನ್‌ಸ್ಟಂಟೈನ್ ಚಕ್ರವರ್ತಿಯು ಹೊಸ ರಾಜಧಾನಿಯ ಸಭೆಗಳಿಗಾಗಿ ಚರ್ಮಪತ್ರದ ಮೇಲೆ ಬೈಬಲಿನ 50 ಪ್ರತಿಗಳನ್ನು ಬರೆಯಿಸುವ ಹೊಣೆಯನ್ನು ವಹಿಸಿದ್ದೂ ಆತನಿಗೇ.

ಹೆಕ್ಸಪ್ಲ ಪೂರ್ಣವಾಗಿ ನಕಲು ಮಾಡಲಾಗದಷ್ಟು ಬೃಹತ್ತಾಗಿದ್ದುದರಿಂದ ಅದರ ಐದನೆಯ ಅಂಕಣವು ಮಾತ್ರ ಪ್ರತ್ಯೇಕವಾಗಿ ಪ್ರಚಾರಕ್ಕೆ ಬಂದಿತು. ಹೋಲಿಸಿ ನೋಡಲು ಪಕ್ಕದ ಅಂಕಣಗಳಿಲ್ಲದೆ ಹೋದಾಗ ನಕಲುಗಾರರು ಚಿಹ್ನೆಗಳನ್ನು ಕೈಬಿಡತೊಡಗಿದ್ದರಿಂದ, ಹಳೆಯ ಪಾಠವೂ ಒರಿಜೆನ್ ಸೇರಿಸಿದ ಮಾತುಗಳೂ ಬೆರೆತು, ಯಾವುದನ್ನು ಸ್ಪಷ್ಟಪಡಿಸಲು ಹೊರಟಿದ್ದನೋ ಅದೇ ಇನ್ನಷ್ಟು ಜಟಿಲವಾಯಿತು. ಮೂಲವನ್ನು ಕೈಸರೈಯದಲ್ಲಿ ಕಣ್ಣಾರೆ ಕಂಡಿದ್ದ ಲ್ಯಾಟಿನ್ ಬೈಬಲಿನ ಭಾಷಾಂತರಕಾರ ಜೆರೋಮ್ ಮೊದಲು ಚಿಹ್ನೆಗಳನ್ನು ಉಳಿಸಿಕೊಂಡು ಕೀರ್ತನೆಗಳನ್ನು ಲ್ಯಾಟಿನ್‌ನಲ್ಲಿ ಪರಿಷ್ಕರಿಸಿ, ಅನಂತರ ನೇರವಾಗಿ ಹೀಬ್ರೂವಿನಿಂದಲೇ ಭಾಷಾಂತರಿಸಲು ತೊಡಗಿದನು. ತೆಲ್ಲಾದ ಬಿಷಪ್ ಪೌಲನು ಸುಮಾರು 616ರಲ್ಲಿ ಐದನೆಯ ಅಂಕಣವನ್ನು ಚಿಹ್ನೆಗಳ ಸಹಿತ ಸಿರಿಯಾಕ್ ಭಾಷೆಗೆ ತಂದದ್ದರಿಂದ ಒರಿಜೆನ್‌ನ ಶ್ರಮದ ಬಹುಭಾಗವು ಉಳಿಯಿತು.

ಗ್ರಂಥಾಲಯವೂ ಮೂಲ ಹೆಕ್ಸಪ್ಲವೂ ಕಾಲಕ್ರಮದಲ್ಲಿ ನಾಶವಾದವು. ಚದುರಿಹೋದ ಉಲ್ಲೇಖಗಳನ್ನು ಒಟ್ಟುಗೂಡಿಸಿ ಫ್ರೆಡರಿಕ್ ಫೀಲ್ಡ್ 1875ರಲ್ಲಿ ಪ್ರಕಟಿಸಿದ ಸಂಪುಟಗಳೂ, ಕೈರೋದ ಗೆನಿಜಾ ಎಂಬ ಯೆಹೂದ್ಯ ಹಸ್ತಪ್ರತಿ ಭಂಡಾರದಲ್ಲಿ ಸಿಕ್ಕ ಕೀರ್ತನೆಗಳ ತುಣುಕೂ ಅದರ ಸ್ವರೂಪವನ್ನು ತಿಳಿಯಲು ನೆರವಾಗಿವೆ. ಇಂದಿನ ಪರಿಷ್ಕೃತ ಆವೃತ್ತಿಗಳಲ್ಲಿ ಪುಟದ ಕೆಳಗೆ ಪಾಠಾಂತರಗಳನ್ನು ಕೊಡುವ ಪದ್ಧತಿಯು ಒರಿಜೆನ್‌ನ ಕ್ರಮದೊಡನೆ ನಿಕಟ ಬಾಂಧವ್ಯವುಳ್ಳದ್ದು. ಭಕ್ತಿಗೂ ವಿಮರ್ಶೆಗೂ ವಿರೋಧವಿರಲೇಬೇಕಾಗಿಲ್ಲವೆಂಬುದನ್ನು ಕೈಸರೈಯದ ವಿದ್ವಾಂಸರು ನಡೆದು ತೋರಿಸಿದರು: ಯಾವ ಗ್ರಂಥಕ್ಕಾಗಿ ಪ್ರಾಣ ಕೊಡಲೂ ಸಿದ್ಧರಾಗಿದ್ದರೋ, ಅದೇ ಗ್ರಂಥದ ಒಂದೊಂದು ಪದವನ್ನೂ ಅವರು ಪರೀಕ್ಷೆಗೆ ಒಡ್ಡಿದರು.