ತೀನ್ ಮೂರ್ತಿಯಲ್ಲಿ ನಮ್ಮ ಮೈಸೂರಿನವನೊಬ್ಬ

ನಾನಿರೋದು ದೆಹಲಿಯ ಸರೋಜಿನಿ ನಗರದಲ್ಲಿ. ಇಲ್ಲಿಂದ ಆಟೋ ಹತ್ತಿದ್ರೆ ತೀನ್ ಮೂರ್ತಿ ವೃತ್ತ ದೂರವೇನಲ್ಲ. ಅಲ್ಲಿರೋ ಮೂವರು ಕಂಚಿನ ಯೋಧರಲ್ಲಿ ಒಬ್ಬ ಮೈಸೂರಿನವನು ಅಂತ ಗೊತ್ತಾಗೋಕೆ ನನಗೆ ಎರಡು ವರ್ಷ ಬೇಕಾಯ್ತು! ಇನ್ನಿಬ್ಬರು ಜೋಧಪುರ, ಹೈದರಾಬಾದ್ ಸಂಸ್ಥಾನದವರು.

ಮೊದಲ ಮಹಾಯುದ್ಧದಲ್ಲಿ ಈ ಮೂರೂ ಸಂಸ್ಥಾನಗಳ ಲ್ಯಾನ್ಸರ್‌ಗಳು, ಅಂದ್ರೆ ಭರ್ಜಿ ಹಿಡಿದ ಕುದುರೆ ಸವಾರರು, ಒಂದೇ ಬ್ರಿಗೇಡ್‌ನಲ್ಲಿದ್ರು. ಭಾಷೆ ಬೇರೆ, ಊಟ ಬೇರೆ, ಅರಸರೂ ಬೇರೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಎದುರಿಗಿದ್ದದ್ದು ಮಷಿನ್ ಗನ್, ಫಿರಂಗಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಜೋಧಪುರದವರು ಊರಿನ ಕಡೆ ಕುದುರೆ ಓಡಿಸಿದ್ರು. ಅವರ ಮೇಜರ್ ದಳಪತ್ ಸಿಂಗ್ ಗುಂಡೇಟು ತಿಂದು ತೀರಿಕೊಂಡರು. ಅದೇ ದಿನ ಊರು ಕೈಸೇರಿತು.

ಗೆದ್ದದ್ದು ಯಾರಿಗಾಗಿ? ಬ್ರಿಟಿಷರಿಗಾಗಿ. ಇದನ್ನ ಮರೆತು ಬರೀ ಹೆಮ್ಮೆ ಪಡೋದು ಸರಿಯಲ್ಲ. ಆದ್ರೆ ಬೆಟ್ಟದ ಮೇಲಿನವರು ಫಿರಂಗಿ ನೋಡ್ಕೋತಾರೆ ಅಂತ ನಂಬಿ ಕೆಳಗಿನವರು ಮುನ್ನುಗ್ಗಿದ್ರಲ್ಲ, ಆ ನಂಬಿಕೆಯನ್ನ ಯಾವ ಸರ್ಕಾರವೂ ಹುಕುಂ ಹೊರಡಿಸಿ ಹುಟ್ಟಿಸೋಕಾಗಲ್ಲ.

ಪರವೂರಲ್ಲಿ ಪಕ್ಕದವನ ಭಾಷೆ ಬಾರದೆ ಕೆಲಸ ಮಾಡೋ ನಮಗೆ ಇದು ಅರ್ಥವಾಗುತ್ತೆ. ಈ ಸಲ ಬೆಂಗಳೂರಿಗೆ ಹೋದಾಗ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಹತ್ತಿರ ಐದು ನಿಮಿಷ ನಿಂತು ಬನ್ನಿ.