ಭಾರ ತಂದ ನೋವಿಗೆ ಭಾರವೇ ಮದ್ದು

ಒಂದು ಸರಳ ಪ್ರಯೋಗದಿಂದ ಆರಂಭಿಸೋಣ. ನಿಮ್ಮ ಬಲಗೈಯನ್ನು ಮೊಣಕೈಯಿಂದ ಮುಂದಕ್ಕೆ ಮೇಜಿನ ಮೇಲಿಡಿ. ಅಂಗೈ ಕೆಳಮುಖವಾಗಿರಲಿ. ಎಡಗೈ ಬೆರಳುಗಳನ್ನು ಬಲ ಮೊಣಕೈಯ ಹೊರಬದಿಯ ಗಂಟಿಗಿಂತ ಸ್ವಲ್ಪ ಮುಂದೆ ಇರಿಸಿ. ಈಗ ಬಲಗೈ ಮುಷ್ಟಿಯನ್ನು ಬಿಗಿಯಾಗಿ ಹಿಡಿಯಿರಿ. ಬೆರಳಿನಡಿ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಆ ಸ್ನಾಯುವಿನ ಕೆಲಸ ಮುಷ್ಟಿ ಹಿಡಿಯುವುದಲ್ಲ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು. ಹಾಗಾದರೆ ಮುಷ್ಟಿ ಹಿಡಿದಾಗ ಅದೇಕೆ ಬಿಗಿಯಬೇಕು? ಬೆರಳುಗಳನ್ನು ಮಡಿಸುವ ಸ್ನಾಯುಗಳ ರಜ್ಜುಗಳು ಅಂಗೈ ಬದಿಯಿಂದ ಮಣಿಕಟ್ಟನ್ನು ದಾಟಿ ಹೋಗುತ್ತವೆ. ಅವು ಎಳೆದಾಗ ಬೆರಳಿನ ಜೊತೆಗೆ ಮಣಿಕಟ್ಟೂ ಮಡಿಸಿಕೊಳ್ಳಬೇಕು. ಹಾಗಾಗದಂತೆ ಹಿಂಬದಿಯ ಸ್ನಾಯುಗಳು ವಿರುದ್ಧ ದಿಕ್ಕಿನಲ್ಲಿ ಎಳೆದು ಹಿಡಿಯುತ್ತವೆ. ಎಂದರೆ, ನೀವು ಏನನ್ನೇ ಬಿಗಿಯಾಗಿ ಹಿಡಿದರೂ ಮೊಣಕೈಯ ಹೊರಬದಿಯ ಮೂಳೆಯ ಮೇಲೆ ಎಳೆತ ಬೀಳುತ್ತದೆ. ನೀರಿನ ಕೊಡವಾಗಲಿ, ಟೆನಿಸ್ ರ‍್ಯಾಕೆಟ್ ಆಗಲಿ, ನೂರು ಕಿಲೋಗ್ರಾಂ ತೂಗುವ ಕಬ್ಬಿಣದ ಸರಳಾಗಲಿ, ವ್ಯತ್ಯಾಸ ಎಳೆತದ ಪ್ರಮಾಣದಲ್ಲಿ ಮಾತ್ರ.

ಭಾರ ಎತ್ತುವವರನ್ನು ಕಾಡುವ ಮೊಣಕೈ ನೋವಿನ ಮೂಲ ಬಹುಮಟ್ಟಿಗೆ ಇಲ್ಲಿದೆ. ಈ ನೋವನ್ನು ವೈದ್ಯರು ಅರ್ಥಮಾಡಿಕೊಂಡ ಬಗೆ ಕಳೆದ 150 ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. ಅದರೊಂದಿಗೆ ಚಿಕಿತ್ಸೆಯೂ ತಲೆಕೆಳಗಾಗಿದೆ.

ಸನ್ನೆಕೋಲಿನ ಲೆಕ್ಕ

ಇಟಲಿಯ ಗಣಿತಜ್ಞ ಜಿಯೊವಾನಿ ಅಲ್ಫಾನ್ಸೊ ಬೊರೆಲ್ಲಿ ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥ ಆತನ ಮರಣಾನಂತರ, 1680ರಲ್ಲಿ ಪ್ರಕಟವಾಗತೊಡಗಿತು. ಮೂಳೆಗಳನ್ನು ಸನ್ನೆಕೋಲುಗಳೆಂದು ಪರಿಗಣಿಸಿದ ಬೊರೆಲ್ಲಿ, ನಾವು ಎತ್ತುವ ಭಾರಕ್ಕಿಂತ ನಮ್ಮ ಸ್ನಾಯುಗಳು ಹಾಕುವ ಬಲ ಹಲವು ಪಟ್ಟು ಹೆಚ್ಚು ಎಂದು ತೋರಿಸಿದ. ಸಣ್ಣ ಬಲದಿಂದ ದೊಡ್ಡ ಭಾರ ಎತ್ತುವ ಅನುಕೂಲ ದೇಹದ ಸನ್ನೆಗಳಿಗೆ ಇದೆ ಎಂಬ ಹಳೆಯ ನಂಬಿಕೆಗೆ ಇದು ನೇರ ವಿರುದ್ಧವಾಗಿತ್ತು.

ಈ ಲೆಕ್ಕವನ್ನು ನೀವೇ ಮಾಡಬಹುದು. ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ 10 ಕಿಲೋಗ್ರಾಂ ಡಂಬೆಲ್ ಹಿಡಿದಿದ್ದೀರಿ ಎನ್ನಿ. ಮೊಣಕೈ ಕೀಲಿನಿಂದ ಅಂಗೈಗೆ ಸುಮಾರು 35 ಸೆಂಟಿಮೀಟರ್. ತೋಳಿನ ಬೈಸೆಪ್ಸ್ ಸ್ನಾಯು ಮುಂಗೈ ಮೂಳೆಗೆ ಅಂಟಿರುವುದು ಕೀಲಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ಭಾರದ ಭುಜ ಬಲದ ಭುಜದ ಏಳು ಪಟ್ಟು. ಆದ್ದರಿಂದ 10 ಕಿಲೋಗ್ರಾಂ ಹಿಡಿದು ನಿಲ್ಲಲು ಸ್ನಾಯು ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಹಾಕಬೇಕು. ಮುಂಗೈಯ ಸ್ವಂತ ತೂಕ ಬೇರೆ. ಇಷ್ಟೂ ಬಲ ಹಾದುಹೋಗುವುದು ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಎಂಬ ಬಿಳಿಯ ಹುರಿಯ ಮೂಲಕ.

ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋಗ್ರಾಂ ವರ್ಗದಲ್ಲಿ ಬೆಳ್ಳಿ ಗೆದ್ದಾಗ ಎರಡು ವಿಧದ ಎತ್ತುಗಳಲ್ಲಿ ಎತ್ತಿದ ಒಟ್ಟು ಭಾರ 249 ಕಿಲೋಗ್ರಾಂ. ಇಂಥ ಭಾರವನ್ನು ತಾಳುವ ಹುರಿ ಒಂದೆರಡು ತಿಂಗಳಲ್ಲಿ ಸಿದ್ಧವಾಗುವುದಿಲ್ಲ. ಅದರ ಹಿಂದೆ ವರ್ಷಗಳ ಕ್ರಮಬದ್ಧ ಅಭ್ಯಾಸವಿರುತ್ತದೆ.

ಬರವಣಿಗೆಯಿಂದ ಟೆನಿಸ್‌ವರೆಗೆ

ಮೊಣಕೈಯ ಹೊರಬದಿಯ ಈ ನೋವನ್ನು ವೈದ್ಯಕೀಯ ಸಾಹಿತ್ಯದಲ್ಲಿ ಮೊದಲು ವಿವರಿಸಿದ ಹಿರಿಮೆ ಜರ್ಮನಿಯ ವೈದ್ಯ ರುಂಗೆ ಅವರಿಗೆ ಸಲ್ಲುತ್ತದೆ. 1873ರಲ್ಲಿ ಅವರು ವರ್ಣಿಸಿದ ರೋಗಿಗೆ ಇದ್ದ ತೊಂದರೆ ಆಟದ್ದಲ್ಲ, ಬರವಣಿಗೆಯದು. ಮರುವರ್ಷ ಇಂಗ್ಲೆಂಡಿನಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್ ಆಟಕ್ಕೆ ಪೇಟೆಂಟ್ ಪಡೆದರು. 1877ರಲ್ಲಿ ವಿಂಬಲ್ಡನ್ ಪಂದ್ಯಾವಳಿ ಆರಂಭವಾಯಿತು. ಆಟ ಹಬ್ಬಿದಂತೆ ನೋವೂ ಹಬ್ಬಿತು. 1882ರಲ್ಲಿ ಮಾರಿಸ್ ಎಂಬ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ‘ಲಾನ್ ಟೆನಿಸ್ ತೋಳು’ ಎಂದು ಬರೆದರು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮೇಜರ್ ಎಂಬುವರು ‘ಲಾನ್ ಟೆನಿಸ್ ಮೊಣಕೈ’ ಎಂದರು. ಹೆಸರು ಅಂಟಿಕೊಂಡಿತು.

ಹೆಸರು ತಪ್ಪು ದಾರಿ ಹಿಡಿಸುವಂಥದು. ಈ ನೋವಿನಿಂದ ಬಳಲುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಬಡಗಿಗಳು, ಗಾರೆ ಕೆಲಸದವರು, ಬಟ್ಟೆ ಹಿಂಡುವವರು, ಭಾರ ಎತ್ತುವವರು ಎಲ್ಲರೂ ಇದಕ್ಕೆ ತುತ್ತಾಗುತ್ತಾರೆ. ನಮ್ಮಲ್ಲಿ ಈ ಹೆಸರನ್ನು ಮನೆಮಾತಾಗಿಸಿದ್ದು ಒಬ್ಬ ಕ್ರಿಕೆಟ್ ಆಟಗಾರ. ಭಾರವಾದ ಬ್ಯಾಟ್ ಬಳಸುತ್ತಿದ್ದ ಸಚಿನ್ ತೆಂಡೂಲ್ಕರ್ 2004ರಲ್ಲಿ ಇದರಿಂದ ಆಟದಿಂದ ದೂರ ಉಳಿಯಬೇಕಾಯಿತು. 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ನಡೆಯಿತು.

ಇದೇ ಬಗೆಯ ನೋವು ಮೊಣಕೈಯ ಒಳಬದಿಯಲ್ಲಿ ಬಂದರೆ ಅದಕ್ಕೆ ‘ಗಾಲ್ಫ್ ಮೊಣಕೈ’ ಎಂದು ಹೆಸರು. ಸರಳಿಗೆ ಜೋತುಬಿದ್ದು ಮೈ ಎತ್ತುವ ವ್ಯಾಯಾಮ, ಅಂಗೈ ಮೇಲ್ಮುಖವಾಗಿ ಭಾರ ಎತ್ತುವ ವ್ಯಾಯಾಮ ಅತಿಯಾದಾಗ ಇದು ಕಾಣಿಸಿಕೊಳ್ಳುತ್ತದೆ.

ಉರಿಯೂತವೆಂಬ ಊಹೆ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ನೋವಿಗೆ ಕಾರಣಗಳ ದೊಡ್ಡ ಪಟ್ಟಿಯೇ ಇತ್ತು. ಕೀಲಿನ ಬಳಿಯ ದ್ರವಚೀಲ ಊದಿಕೊಂಡಿದೆ ಎಂದರು ಕೆಲವರು. ಮೂಳೆಯ ಹೊದಿಕೆ ಕೆರಳಿದೆ ಎಂದರು ಇನ್ನು ಕೆಲವರು. 1928ರಲ್ಲಿ ಮಿಲ್ಸ್ ಎಂಬ ಬ್ರಿಟಿಷ್ ವೈದ್ಯರು ಮಣಿಕಟ್ಟನ್ನು ಮಡಿಸಿ ಮೊಣಕೈಯನ್ನು ಥಟ್ಟನೆ ನೇರ ಮಾಡುವ ಚಿಕಿತ್ಸೆ ಸೂಚಿಸಿದರು. 1936ರಲ್ಲಿ ಜೇಮ್ಸ್ ಸಿರಿಯಾಕ್ಸ್ ಈ ಎಲ್ಲ ವಾದಗಳನ್ನು ಪರಿಶೀಲಿಸಿ, ತೊಂದರೆ ಇರುವುದು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವ ಸ್ನಾಯುಗಳು ಮೂಳೆಗೆ ಅಂಟುವ ಜಾಗದಲ್ಲಿ ಎಂದು ವಾದಿಸಿದರು.

ಜಾಗ ಗೊತ್ತಾಯಿತು. ಆದರೆ ಅಲ್ಲಿ ನಡೆಯುತ್ತಿರುವುದೇನು? ನೋವಿದ್ದಲ್ಲಿ ಉರಿಯೂತ ಇರಲೇಬೇಕು ಎಂಬುದು ಸಾಮಾನ್ಯ ತರ್ಕವಾಗಿತ್ತು. ರೋಗದ ಹೆಸರೇ ‘ಎಪಿಕಾಂಡಿಲೈಟಿಸ್’, ರಜ್ಜುಗಳ ನೋವಿಗೆ ‘ಟೆಂಡಿನೈಟಿಸ್’. ಕೊನೆಯ ‘ಐಟಿಸ್’ ಎಂದರೆ ಉರಿಯೂತ.

ಈ ಊಹೆಗೆ ಬಲ ತಂದದ್ದು ಒಂದು ಪವಾಡದಂಥ ಔಷಧ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದಿಂದ ಏಳಲಾರದೆ ಇದ್ದ ರೋಗಿಗೆ ಕಾರ್ಟಿಸೋನ್ ನೀಡಿದಾಗ ಕೆಲವೇ ದಿನಗಳಲ್ಲಿ ಆಕೆ ನಡೆದಾಡುವಂತಾಯಿತು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟೇಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಈ ಗುಂಪಿನ ಔಷಧಗಳ ಚುಚ್ಚುಮದ್ದು ಬೇಗನೆ ಮೊಣಕೈ ನೋವಿನ ಸಾಮಾನ್ಯ ಚಿಕಿತ್ಸೆಯಾಯಿತು. ಚುಚ್ಚಿದ ಒಂದೆರಡು ವಾರಗಳಲ್ಲಿ ನೋವು ಇಳಿಯುತ್ತಿತ್ತು. ಇದಕ್ಕಿಂತ ಸಾಕ್ಷ್ಯ ಬೇರೆ ಬೇಕೆ ಎಂದು ಎಲ್ಲರಿಗೂ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸೂಕ್ಷ್ಮದರ್ಶಕ ಹೇಳಿದ್ದೇ ಬೇರೆ

1979ರಲ್ಲಿ ಅಮೆರಿಕದ ರಾಬರ್ಟ್ ನಿರ್ಷಲ್ ಮತ್ತು ಫ್ರಾಂಕ್ ಪೆಟ್ರೋನ್ ತಾವು ಶಸ್ತ್ರಚಿಕಿತ್ಸೆ ಮಾಡಿದ 88 ಮೊಣಕೈಗಳ ವರದಿ ಪ್ರಕಟಿಸಿದರು. ತೊಂದರೆಯ ಮುಖ್ಯ ತಾಣ ‘ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್’ ಎಂಬ ಸ್ನಾಯುವಿನ ರಜ್ಜು. ಆರೋಗ್ಯವಂತ ರಜ್ಜುವಿನಲ್ಲಿ ಕೊಲ್ಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದರ ಪಕ್ಕ ಒಂದು ಸಮಾಂತರವಾಗಿ ಜೋಡಿಸಿಕೊಂಡಿರುತ್ತವೆ. ರೋಗಗ್ರಸ್ತ ರಜ್ಜುವಿನಲ್ಲಿ ಈ ಜೋಡಣೆ ಕೆಟ್ಟು ಎಳೆಗಳು ಅಸ್ತವ್ಯಸ್ತವಾಗಿದ್ದವು. ನಡುವೆ ಬಲಿಯದ ಹೊಸ ರಕ್ತನಾಳಗಳು ನುಗ್ಗಿದ್ದವು. ಉರಿಯೂತದ ಗುರುತಾದ ಬಿಳಿ ರಕ್ತಕಣಗಳು ಹೆಚ್ಚಾಗಿ ಕಾಣಲಿಲ್ಲ.

ಅಂದರೆ ಇದು ಬೆಂಕಿಗಿಂತ ಹೆಚ್ಚಾಗಿ ಅರೆಬರೆ ರಿಪೇರಿಯ ಕಥೆ. ಗಾಯ ಮಾಯಲು ಹೊರಟು ನಡುವೆಯೇ ನಿಂತುಹೋಗಿದೆ. ‘ಟೆಂಡಿನೈಟಿಸ್’ ಬದಲಿಗೆ ‘ಟೆಂಡಿನೋಸಿಸ್’ ಎಂಬ ಪದ ಬಳಕೆಗೆ ಬಂತು. 2000ದಲ್ಲಿ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು ನೋವಿರುವ ಮೊಣಕೈ ರಜ್ಜುವಿನೊಳಗಿನ ದ್ರವವನ್ನೇ ಪರೀಕ್ಷಿಸಿದಾಗ, ಉರಿಯೂತಕ್ಕೆ ಸಂಬಂಧಿಸಿದ ಪ್ರೊಸ್ಟಾಗ್ಲಾಂಡಿನ್ ಹೆಚ್ಚಿರಲಿಲ್ಲ, ಗ್ಲುಟಮೇಟ್ ಹೆಚ್ಚಿತ್ತು. ಉರಿಯೂತದ ಪಾತ್ರ ಇಲ್ಲವೇ ಇಲ್ಲ ಎನ್ನುವುದೂ ಅತಿರೇಕ. ಇತ್ತೀಚಿನ ಸಂಶೋಧನೆಗಳು ಅದರ ಸೂಕ್ಷ್ಮ ಕುರುಹುಗಳನ್ನು ಗುರುತಿಸಿವೆ. ಆದರೆ ಉರಿಯೂತವೇ ಸರ್ವಸ್ವ ಎಂಬ ಮಾತು ನಿಲ್ಲಲಿಲ್ಲ.

ರಜ್ಜು ಮಾಯುವುದು ನಿಧಾನವೇಕೆ? ಇದಕ್ಕೆ ಸುಳಿವು ಸಿಕ್ಕಿದ್ದು ಪರಮಾಣು ಬಾಂಬುಗಳಿಂದ! 1955ರಿಂದ 1963ರವರೆಗೆ ನಡೆದ ಪರಮಾಣು ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14 ಏರಿ, ಬಳಿಕ ಇಳಿಯುತ್ತ ಬಂತು. ಅಂಗಾಂಶದಲ್ಲಿ ಅದರ ಪ್ರಮಾಣ ಅಳೆದರೆ ಆ ಅಂಗಾಂಶ ಯಾವಾಗ ತಯಾರಾಯಿತೆಂದು ಹೇಳಬಹುದು. 2013ರಲ್ಲಿ ಡೆನ್ಮಾರ್ಕಿನ ಕಾಟ್ಯಾ ಹೈನೆಮೈಯರ್ ಮತ್ತು ಸಂಗಡಿಗರು ಹೀಗೆ ಹಿಮ್ಮಡಿಯ ರಜ್ಜುವನ್ನು ಪರೀಕ್ಷಿಸಿದರು. ಅದರ ತಿರುಳು ಸುಮಾರು 17 ವರ್ಷ ವಯಸ್ಸಿನೊಳಗೆ ರೂಪುಗೊಂಡು, ಆಮೇಲೆ ಹೆಚ್ಚುಕಡಿಮೆ ನವೀಕರಣವೇ ಆಗುವುದಿಲ್ಲ ಎಂದು ತಿಳಿದುಬಂತು. ಸ್ನಾಯುವಾದರೋ ಕೆಲವೇ ವಾರಗಳ ಅಭ್ಯಾಸದಲ್ಲಿ ಬಲಗೊಳ್ಳುತ್ತದೆ. ಸ್ನಾಯು ಮುಂದೆ ಓಡಿ ರಜ್ಜು ಹಿಂದೆ ಉಳಿಯುವುದೇ ಜಿಮ್‌ಗೆ ಹೊಸದಾಗಿ ಸೇರಿದ ಯುವಕರಿಗೆ ಅಪಾಯ.

ಆರು ವಾರ ಮತ್ತು ಒಂದು ವರ್ಷ

ಹಾಗಾದರೆ ಚುಚ್ಚುಮದ್ದಿನಿಂದ ನೋವು ಇಳಿಯುತ್ತಿದ್ದುದು ಸುಳ್ಳೇ? ಸುಳ್ಳಲ್ಲ. ಆದರೆ ಅಳೆದದ್ದು ಯಾವಾಗ ಎಂಬುದು ಮುಖ್ಯ.

2002ರಲ್ಲಿ ನೆದರ್‌ಲ್ಯಾಂಡ್ಸ್‌ನ ನಿಂಕೆ ಸ್ಮಿಟ್ ಮತ್ತು ಸಂಗಡಿಗರು 185 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಸ್ಟೀರಾಯ್ಡ್ ಚುಚ್ಚುಮದ್ದು, ಇನ್ನೊಂದಕ್ಕೆ ಫಿಸಿಯೋಥೆರಪಿ, ಮೂರನೆಯದಕ್ಕೆ ಸುಮ್ಮನೆ ಕಾದುನೋಡುವ ಸಲಹೆ. ಆರು ವಾರಗಳಲ್ಲಿ ಗುಣಮುಖರಾದವರು ಕ್ರಮವಾಗಿ ಶೇಕಡಾ 92, 47 ಮತ್ತು 32. ಚುಚ್ಚುಮದ್ದಿಗೆ ಅಮೋಘ ಜಯ! ಆದರೆ ಒಂದು ವರ್ಷದ ಬಳಿಕ ಅಂಕಿಗಳು 69, 91 ಮತ್ತು 83. ಏನೂ ಮಾಡದೆ ಕಾದವರು ಚುಚ್ಚುಮದ್ದು ಪಡೆದವರಿಗಿಂತ ಮೇಲಾಗಿದ್ದರು.

2013ರಲ್ಲಿ ಆಸ್ಟ್ರೇಲಿಯದಲ್ಲಿ 165 ರೋಗಿಗಳ ಮೇಲೆ ನಡೆದ ಅಧ್ಯಯನ ಇದನ್ನು ದೃಢಪಡಿಸಿತು. ಸ್ಟೀರಾಯ್ಡ್ ಪಡೆದವರಲ್ಲಿ ಶೇಕಡಾ 54 ಮಂದಿಗೆ ನೋವು ಮರುಕಳಿಸಿತು. ಔಷಧವಿಲ್ಲದ ತೋರಿಕೆಯ ಚುಚ್ಚುಮದ್ದು ಪಡೆದವರಲ್ಲಿ ಮರುಕಳಿಸಿದ್ದು ಶೇಕಡಾ 12 ಮಂದಿಗೆ ಮಾತ್ರ.

ಭಾರವೇ ಚಿಕಿತ್ಸೆ

ಭಾರವನ್ನು ಮದ್ದಾಗಿ ಬಳಸುವ ವಿಚಾರಕ್ಕೆ ಬೇರೊಂದು ಮೂಲವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಷಿಕಾಗೊದ ಗಾರ್ಡಿನರ್ ಸೇನಾ ಆಸ್ಪತ್ರೆ ಗಾಯಗೊಂಡ ಸೈನಿಕರಿಂದ ತುಂಬಿತ್ತು. ದುರ್ಬಲ ಸ್ನಾಯುಗಳಿಗೆ ಹಗುರ ಭಾರವನ್ನು ಬಹಳ ಸಲ ಎತ್ತಿಸುವುದು ಆಗಿನ ಪದ್ಧತಿ. ಅಲ್ಲಿದ್ದ ವೈದ್ಯ ಥಾಮಸ್ ಡಿಲೋರ್ಮ್ ಸ್ವತಃ ಭಾರ ಎತ್ತುವ ಹವ್ಯಾಸಿ. ಅವರು ಹೆಚ್ಚು ಭಾರವನ್ನು ಕಡಿಮೆ ಸಲ ಎತ್ತಿಸಿ, ಭಾರವನ್ನು ಹಂತಹಂತವಾಗಿ ಏರಿಸುತ್ತ ಹೋದರು. 1945ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂದು ಜಿಮ್‌ಗಳಲ್ಲಿ ಕೇಳಿಬರುವ ‘ಹತ್ತರಂತೆ ಮೂರು ಸೆಟ್’ ಎಂಬ ರೂಢಿಯ ಬೇರು 1948ರಲ್ಲಿ ಡಿಲೋರ್ಮ್ ಮತ್ತು ಆರ್ಥರ್ ವಾಟ್ಕಿನ್ಸ್ ಸೂಚಿಸಿದ ಕ್ರಮದಲ್ಲಿದೆ.

1984ರಲ್ಲಿ ಕೆನಡಾದ ಕರ್ವಿನ್ ಮತ್ತು ಸ್ಟಾನಿಷ್ ಇದನ್ನು ರಜ್ಜುಗಳ ನೋವಿಗೆ ಅನ್ವಯಿಸಿದರು. ಭಾರವನ್ನು ನಿಧಾನವಾಗಿ ಕೆಳಗಿಳಿಸುವಾಗ ಸ್ನಾಯು ಬಲ ಹಾಕುತ್ತಲೇ ಉದ್ದವಾಗುತ್ತದೆ. ಇದೇ ಎಕ್ಸೆಂಟ್ರಿಕ್ ವ್ಯಾಯಾಮ. 1998ರಲ್ಲಿ ಮೇಲೆ ಹೇಳಿದ ಆಲ್ಫ್ರೆಡ್ಸನ್, ಹಿಮ್ಮಡಿಯ ರಜ್ಜು ನೋವಿದ್ದ 15 ಹವ್ಯಾಸಿ ಕ್ರೀಡಾಪಟುಗಳಿಗೆ 12 ವಾರ ಭಾರವಾದ ಎಕ್ಸೆಂಟ್ರಿಕ್ ವ್ಯಾಯಾಮ ಮಾಡಿಸಿದರು. ಎಲ್ಲರೂ ಮತ್ತೆ ಓಟಕ್ಕೆ ಮರಳಿದರು. ಮುಂದೆ ಮೊಣಕೈಗೂ ಇದೇ ತತ್ತ್ವ ಬಳಕೆಗೆ ಬಂತು. ಎಳೆತ ಬಿದ್ದಾಗ ರಜ್ಜುವಿನ ಜೀವಕೋಶಗಳು ಅದನ್ನು ಗ್ರಹಿಸಿ ಕೊಲ್ಲಾಜನ್ ತಯಾರಿಸುತ್ತವೆ. ಪೂರ್ಣ ವಿಶ್ರಾಂತಿಯಲ್ಲಿ ಆ ಸಂಕೇತವೇ ಇರುವುದಿಲ್ಲ.

ನಿಮಗೆ ನೋವಿದ್ದರೆ

ಮೊದಲು ಎಚ್ಚರಿಕೆ. ಭಾರ ಎತ್ತುವಾಗ ‘ಟಪ್’ ಎಂದು ಸದ್ದಾಗಿ ತೋಳು ಕಂದಿದರೆ ಬೈಸೆಪ್ಸ್ ರಜ್ಜು ಹರಿದಿರಬಹುದು. ತಡಮಾಡದೆ ಮೂಳೆ ತಜ್ಞರನ್ನು ಕಾಣಿ. ಉಂಗುರ ಬೆರಳು ಮತ್ತು ಕಿರುಬೆರಳು ಜೋಮು ಹಿಡಿದರೆ ನರಕ್ಕೆ ಒತ್ತಡ ಬಿದ್ದಿರಬಹುದು. ಕೀಲು ಊದಿ ಬಿಸಿಯಾಗಿದ್ದರೆ, ಜ್ವರವಿದ್ದರೆ, ಕೈ ನೇರವಾಗದಿದ್ದರೆ ವೈದ್ಯರ ಪರೀಕ್ಷೆ ಅಗತ್ಯ.

ಇವು ಯಾವುವೂ ಇಲ್ಲದ, ಹಿಡಿತ ಬಿಗಿದಾಗ ಹೊರಬದಿಯಲ್ಲಿ ಕಾಣುವ ನೋವಾದರೆ ಅಭ್ಯಾಸವನ್ನು ಪೂರ್ಣ ಬಿಡಬೇಕಿಲ್ಲ. ನೋವು ಕೆರಳಿಸುವ ಭಾರವನ್ನು ಇಳಿಸಿ. ವಸ್ತುಗಳನ್ನು ಅಂಗೈ ಮೇಲ್ಮುಖವಾಗಿಟ್ಟು, ಮೊಣಕೈ ಮಡಿಸಿ, ಮೈಗೆ ಹತ್ತಿರ ಹಿಡಿದು ಎತ್ತಿ. ಮುಂಗೈಯನ್ನು ಮೇಜಿನ ಮೇಲಿಟ್ಟು ಅಂಗೈ ಕೆಳಮುಖವಾಗಿ ಅಂಚಿನಿಂದ ಹೊರಚಾಚಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ನೆರವಿನಿಂದ ಮಣಿಕಟ್ಟನ್ನು ಮೇಲೆತ್ತಿ, ನೆರವು ತೆಗೆದು ನಾಲ್ಕೈದು ಸೆಕೆಂಡುಗಳಲ್ಲಿ ನಿಧಾನವಾಗಿ ಇಳಿಸಿ. ಹದಿನೈದರಂತೆ ಮೂರು ಬಾರಿ ಮಾಡಿ. ಸ್ವಲ್ಪ ನೋವು ಸಹಜ. ಮಾರನೆಯ ದಿನ ಅದು ಹೆಚ್ಚಿರಬಾರದು. ಹೆಚ್ಚಿದರೆ ನೀರು ಕಡಿಮೆ ಮಾಡಿ, ಇಲ್ಲವಾದರೆ ಕೆಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಇದನ್ನು ಮೂರು ತಿಂಗಳು ಮುಂದುವರಿಸುವ ತಾಳ್ಮೆ ಬೇಕು. ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನವಿದ್ದರೆ ಇನ್ನೂ ಒಳ್ಳೆಯದು. ನೋವು ನಿವಾರಕ ಮಾತ್ರೆ ನುಂಗಿ ಅದೇ ಭಾರವನ್ನು ಎತ್ತುತ್ತ ಹೋಗುವುದು ಮಾತ್ರ ಬೇಡ.

ಅಧ್ಯಾಪಕರು ಸ್ಮಿಟ್ ಅಧ್ಯಯನದ ಆರು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ನಕ್ಷೆಯಾಗಿ ಬರೆಸಬಹುದು. ಆರು ವಾರದ ಫಲಿತಾಂಶವನ್ನಷ್ಟೇ ತೋರಿಸಿ ಯಾವ ಚಿಕಿತ್ಸೆ ಉತ್ತಮವೆಂದು ವಿದ್ಯಾರ್ಥಿಗಳನ್ನು ಕೇಳಿ. ಬಳಿಕ ಒಂದು ವರ್ಷದ ಅಂಕಿಗಳನ್ನು ತೋರಿಸಿ. ಬೇಗ ಸಿಗುವ ಉಪಶಮನವನ್ನು ಗುಣವೆಂದು ಭಾವಿಸಿ ವೈದ್ಯವಿಜ್ಞಾನ ಅರ್ಧ ಶತಮಾನ ನಡೆದದ್ದೇಕೆ, ಅದರಿಂದ ಹೊರಬರಲು ಚೀಟಿ ಎತ್ತುವಂಥ ಗುಂಪು ವಿಂಗಡಣೆಯೂ ದೀರ್ಘಕಾಲದ ಅಳತೆಯೂ ಏಕೆ ಬೇಕಾಯಿತು ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.