ಹಿಟ್ಟಿನ ಚೀಲ ಮೇಜಿನ ಹಾಸಾದ ಕಥೆ

ಮೊನ್ನೆ ದೀಪಾವಳಿಗೆ ಅಂತ ಮನೆ ಸ್ವಚ್ಛ ಮಾಡ್ತಿದ್ದೆ. ಟ್ರಂಕಿನ ತಳದಲ್ಲಿ ಅಜ್ಜಿಯ ಟೀಪಾಯಿ ಬಟ್ಟೆ ಸಿಕ್ಕಿತು. ದಪ್ಪ, ಒರಟು ಬಟ್ಟೆ. ಬಣ್ಣ ಹಾಲಿಗೆ ಒಂಚೂರು ಕಾಫಿ ಬಿದ್ದ ಹಾಗೆ. ನಾಲ್ಕೂ ಮೂಲೆಗೆ ಕೆಂಪು ದಾರದ ಕಸೂತಿ, ಅಂಚಿಗೆ ಬಟ್ಟೆಯದೇ ನೂಲು ಬಿಚ್ಚಿ ಕಟ್ಟಿದ ಕುಚ್ಚು, ನಡುವೆ ಒಂದು ದೊಡ್ಡ ತೇರು. ಬೆಳಕಿಗೆ ಹಿಡಿದು ನೋಡಿದರೆ ತೇರಿನ ಹಿಂದೆ ಮಸುಕಾಗಿ ಒಂದು ಗುರಾಣಿ, ಅದರೊಳಗೆ ಒಂದನ್ನೊಂದು ಹಿಡಿದ ಎರಡು ಕೈ, ಕೆಳಗೆ ಅರ್ಧಂಬರ್ಧ ಇಂಗ್ಲಿಷ್ ಅಕ್ಷರಗಳು.

ಅದು ಅಮೆರಿಕದ ನೆರವಿನ ಗುರುತು. 1960ರ ದಶಕದಲ್ಲಿ ನಮ್ಮ ಕಡೆ ಶಾಲೆಗಳಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಅದಕ್ಕೆ ಗೋಧಿ ನುಚ್ಚು ಬರ್ತಿದ್ದದ್ದು ಇಂಥ ಚೀಲಗಳಲ್ಲಿ. ನಮ್ಮಜ್ಜ ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಶಾಲೆ ಮಾಸ್ತರು. ಖಾಲಿ ಚೀಲ ಒಂದೆರಡನ್ನು ಚಿಲ್ಲರೆ ಕಾಸು ಕೊಟ್ಟು ತಂದಿದ್ದರಂತೆ. ಅಜ್ಜಿ ಒಂದನ್ನು ಹಿಟ್ಟು ಸೋಸಲು ಇಟ್ಟುಕೊಂಡು ಇನ್ನೊಂದನ್ನು ಟೀಪಾಯಿಗೆ ಹಾಸು ಮಾಡಿದಳು.

ಚಿಕ್ಕವಳಿದ್ದಾಗ ನನಗೆ ಈ ಬಟ್ಟೆ ಕಂಡರೆ ನಾಚಿಕೆ. ಒಮ್ಮೆ ಕೇಳಿಯೂ ಬಿಟ್ಟಿದ್ದೆ, ಚೀಲದ ಬಟ್ಟೆ ಯಾಕೆ ಹಾಸ್ತೀ ಅಂತ. "ತೊಳದೆ, ಕುದಿಸಿದೆ, ಬಿಸಲಿಗೆ ಹಾಕಿದೆ, ಅಕ್ಷರ ಹೋಗ್ಲಿಲ್ಲ ನೋಡವಾ. ಅದಕ್ಕ ಅದರ ಮ್ಯಾಲ ತೇರು ತಗದೆ" ಅಂದಿದ್ದಳು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಾನೇ ಅದನ್ನು ಎತ್ತಿ ಟ್ರಂಕಿಗೆ ಹಾಕಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹಾಸು ಹಾಕಿದೆ. ಅಜ್ಜಿ ಏನೂ ಅನ್ನಲಿಲ್ಲ. ಆಮೇಲೆ ಅದನ್ನು ಹೊರಗೆ ತೆಗೆಯಲೂ ಇಲ್ಲ.

ಈಗ ಅಜ್ಜಿ ಇಲ್ಲ. ಬಟ್ಟೆ ಕೈಯಲ್ಲಿ ಹಿಡಿದುಕೊಂಡು, ಇಂಥ ಕೆಲಸ ಇನ್ನೆಲ್ಲಿ ಯಾರು ಮಾಡಿದ್ದರು ಅಂತ ಹುಡುಕುತ್ತಾ ಹೋದೆ. ಹುಡುಕಾಟ ನನ್ನನ್ನು ಬೆಲ್ಜಿಯಂಗೆ ತಂದು ನಿಲ್ಲಿಸಿತು.

1914ರ ಆಗಸ್ಟಿನಲ್ಲಿ ಜರ್ಮನಿ ಬೆಲ್ಜಿಯಂ ಮೇಲೆ ನುಗ್ಗಿತು. ಬೆಲ್ಜಿಯಂ ಪುಟ್ಟ ದೇಶ, ತಿನ್ನುವ ಧಾನ್ಯದ ಬಹುಪಾಲು ಹೊರಗಿನಿಂದಲೇ ಬರಬೇಕು. ಒಳಗೆ ಜರ್ಮನ್ ಸೈನ್ಯ, ಹೊರಗೆ ಬ್ರಿಟನ್ನಿನ ಸಮುದ್ರ ದಿಗ್ಬಂಧನ. 70 ಲಕ್ಷಕ್ಕೂ ಹೆಚ್ಚು ಜನ ಹಸಿವಿನ ಅಂಚಿಗೆ ಬಂದರು. ಆಗ ಲಂಡನ್ನಿನಲ್ಲಿದ್ದ ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ ಮುಂದಾಳತ್ವದಲ್ಲಿ ಅಕ್ಟೋಬರ್ 1914ರಲ್ಲಿ ಒಂದು ಪರಿಹಾರ ಸಂಸ್ಥೆ ಶುರುವಾಯಿತು. (ಇದೇ ಹೂವರ್ 1929ರಲ್ಲಿ ಅಮೆರಿಕದ ಅಧ್ಯಕ್ಷರಾದರು.) ಹಿಟ್ಟು ಹಡಗಿನಲ್ಲಿ ತಟಸ್ಥ ದೇಶವಾಗಿದ್ದ ಹಾಲೆಂಡಿನ ರಾಟರ್‌ಡ್ಯಾಮಿಗೆ ಬಂದು, ಅಲ್ಲಿಂದ ಕಾಲುವೆಗಳ ಮೂಲಕ ದೋಣಿಗಳಲ್ಲಿ ಬೆಲ್ಜಿಯಂ ಸೇರುತ್ತಿತ್ತು.

ಮಿನಿಯಾಪೊಲಿಸ್‌ನ ವಿಲಿಯಂ ಎಡ್ಗರ್ ಅನ್ನುವವರು ಹಿಟ್ಟಿನ ಗಿರಣಿಯವರ ಪತ್ರಿಕೆಯೊಂದರ ಸಂಪಾದಕರು. ಅಮೆರಿಕದ ಗಿರಣಿಗಳಿಂದ ಹಿಟ್ಟು ಕೂಡಿಸುವಾಗ ಅವರು ಒಂದು ಷರತ್ತು ಹಾಕಿದರು: ಹಿಟ್ಟು 49 ಪೌಂಡಿನ, ಅಂದರೆ ಸುಮಾರು 22 ಕೆ.ಜಿ.ಯ ಗಟ್ಟಿ ಹತ್ತಿ ಚೀಲದಲ್ಲೇ ಇರಬೇಕು. ಒಬ್ಬರೇ ಎತ್ತುವ ಹಾಗಿರಬೇಕು, ಹಿಟ್ಟು ಖಾಲಿಯಾದ ಮೇಲೆ ಮನೆಯ ಹೆಂಗಸಿಗೆ ಬಟ್ಟೆ ಉಪಯೋಗಕ್ಕೆ ಬರಬೇಕು! ಅಷ್ಟು ದೂರ ಕೂತು ಚೀಲದ ಎರಡನೇ ಜನ್ಮದ ಬಗ್ಗೆ ಯೋಚಿಸಿದ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಬಂತು.

ಖಾಲಿ ಚೀಲಕ್ಕೂ ಕಾವಲು ಬೇಕಾಯಿತು. ಹತ್ತಿಯಿಂದ ಸಿಡಿಮದ್ದು ತಯಾರಿಸುತ್ತಿದ್ದ ಕಾಲ, ಜರ್ಮನ್ನರಿಗೆ ಅದು ಬೇಕಿತ್ತು. ಜೊತೆಗೆ ಯಾರಾದರೂ ಕಳಪೆ ಹಿಟ್ಟು ತುಂಬಿ ಪರಿಹಾರದ ಹಿಟ್ಟು ಅಂತ ಮಾರಿಬಿಟ್ಟರೆ ಅನ್ನುವ ಭಯ. ಹಾಗಾಗಿ ಚೀಲಗಳನ್ನು ಲೆಕ್ಕ ಇಟ್ಟು ಹೊಲಿಗೆ ಶಾಲೆ, ಕ್ರೈಸ್ತ ಸನ್ಯಾಸಿನಿಯರ ಮಠ, ಹೊಲಿಗೆ ಕೇಂದ್ರಗಳಿಗೆ ಕೊಟ್ಟರು. ದೊಡ್ಡ ಊರುಗಳ ಹೊಲಿಗೆ ಕೇಂದ್ರಗಳಲ್ಲಿ ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿತು. ಅಲ್ಲಿ ಉಡುಪು, ದಿಂಬಿನ ಕವರು, ಕೈಚೀಲ, ಮೇಜಿನ ಹಾಸು ಎಲ್ಲಾ ತಯಾರಾದವು.

ನನ್ನನ್ನು ತಡೆದು ನಿಲ್ಲಿಸಿದ ವಿಷಯ ಇಲ್ಲಿದೆ. ಬೆಲ್ಜಿಯಂ ಹೆಂಗಸರು ಎಷ್ಟೋ ಚೀಲಗಳ ಮೇಲಿನ ಅಕ್ಷರ ಅಳಿಸಲಿಲ್ಲ. ಗಿರಣಿಯ ಹೆಸರು, ಹಿಟ್ಟಿನ ಮುದ್ರೆ, ಊರಿನ ಹೆಸರು ಇದ್ದ ಹಾಗೇ ಇಟ್ಟು, ಆ ಗೆರೆಗಳ ಮೇಲೇ ಬಣ್ಣದ ದಾರ ಹಾಯಿಸಿದರು. ಸುತ್ತ ತಮ್ಮ ದೇಶದ ಕಪ್ಪು, ಹಳದಿ, ಕೆಂಪು. ಬೆಲ್ಜಿಯಂನ ಸಿಂಹ, ಅಮೆರಿಕದ ಹದ್ದು. ಅಂಚಿಗೆ ಆ ನಾಡು ಹೆಸರಾಗಿದ್ದ ಲೇಸು. ಒಂದು ಕಡೆ ಕೃತಜ್ಞತೆಯ ಮಾತು. ಹೀಗೆ ಸಿಂಗರಿಸಿದ ಎಷ್ಟೋ ಚೀಲ ಮತ್ತೆ ಸಮುದ್ರ ದಾಟಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋದವು. ಇನ್ನು ಕೆಲವನ್ನು ಮಾರಿ, ಬಂದ ಹಣವನ್ನು ಪರಿಹಾರಕ್ಕೇ ಹಾಕಿದರು. ಹೂವರ್ ಹುಟ್ಟಿದೂರು ಅಯೋವಾದ ವೆಸ್ಟ್ ಬ್ರಾಂಚ್‌ನ ಸಂಗ್ರಹಾಲಯದಲ್ಲಿ ಇಂಥ ನೂರಾರು ಚೀಲಗಳಿವೆ. ಪಡೆದವರು ಬರಿಗೈಯಲ್ಲಿ ಕೂರಲಿಲ್ಲ ಅನ್ನುವುದಕ್ಕೆ ಅವೇ ಸಾಕ್ಷಿ.

ಇನ್ನು ಅಮೆರಿಕದ್ದೇ ಬಡವರ ಕಥೆ ಬೇರೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿನ ರೈತ ಹೆಂಗಸರೂ ಹಿಟ್ಟಿನ, ಕೋಳಿ ಆಹಾರದ ಚೀಲ ಬಿಚ್ಚಿ ಪರದೆ, ಟವೆಲು, ಮೇಜಿನ ಹಾಸು, ಮಕ್ಕಳ ಅಂಗಿ ಹೊಲಿದರು. 100 ಪೌಂಡಿನ ಚೀಲ ಬಿಚ್ಚಿದರೆ ಒಂದು ಗಜಕ್ಕಿಂತ ಸ್ವಲ್ಪ ಹೆಚ್ಚು ಬಟ್ಟೆ. ಚೀಲದ ಹೊಲಿಗೆ ಸರಪಳಿ ಹೊಲಿಗೆ, ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಆ ದಾರವನ್ನೂ ಸುತ್ತಿಟ್ಟುಕೊಂಡು ಕ್ರೋಶಾ ಹಾಕುತ್ತಿದ್ದರು. ಆದರೆ ಅವರಿಗೆ ಅಕ್ಷರ ಹೋಗಲೇಬೇಕಿತ್ತು. ಮೈಮೇಲೆ ಹಿಟ್ಟಿನ ಕಂಪನಿ ಹೆಸರು ಕಂಡರೆ ಬಡತನ ಊರಿಗೆಲ್ಲ ಗೊತ್ತು. ಮುದ್ರೆಗೆ ಹಂದಿಕೊಬ್ಬನ್ನೋ ಸೀಮೆಎಣ್ಣೆಯನ್ನೋ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಉಜ್ಜುತ್ತಿದ್ದರು. ಕಂಪನಿಗಳು ಇದನ್ನು ಗಮನಿಸಿ ಸುಲಭವಾಗಿ ತೊಳೆದುಹೋಗುವ ಶಾಯಿ ತಂದವು, 1920ರ ದಶಕದ ಮಧ್ಯದಿಂದ ಹೂವಿನ, ಚೌಕುಳಿಯ ಚೀಲಗಳನ್ನೂ ತಂದವು. ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಅಗ್ಗದ ಕಾಗದದ ಚೀಲ ಬಂದು ಈ ಕಥೆ ಮುಗಿಯುತ್ತಾ ಬಂತು.

ಮೂರು ಕಡೆ ಬಟ್ಟೆ ಒಂದೇ ಜಾತಿಯದು. ಬೆಲ್ಜಿಯಂನವರು ಅಕ್ಷರ ತೋರಿಸಿದರು. ಅಮೆರಿಕದ ರೈತ ಹೆಂಗಸರು ಅಳಿಸಿದರು. ನಮ್ಮಜ್ಜಿ ಅಳಿಸಲು ಹೋಗಿ ಆಗದೆ ಅದರ ಮೇಲೆ ತೇರು ನಿಲ್ಲಿಸಿದಳು. ಒರಟು ಬಟ್ಟೆಯಾದ್ದರಿಂದಲೇ ಅದು ಸಾಧ್ಯವಾಯಿತು ನೋಡಿ. ಕಸೂತಿಗೆ ಎಳೆ ಎಣಿಸಬೇಕು, ಗವಂತಿ, ಮುರಗಿ ಎಲ್ಲಾ ಎಣಿಕೆಯ ಮೇಲೇ ನಿಂತಿವೆ. ಚೀಲದ ಬಟ್ಟೆಯಲ್ಲಿ ಎಳೆಗಳು ಕಣ್ಣಿಗೆ ಬೀಳುತ್ತವೆ. ನಾನು ನಾಚಿಕೊಂಡಿದ್ದ ಆ ಒರಟುತನ ಅವಳಿಗೆ ಅನುಕೂಲವಾಗಿತ್ತು.

ನೀವೂ ಮಾಡಬೇಕಂದ್ರೆ ಕಷ್ಟವಿಲ್ಲ, ಖರ್ಚೂ ಕಡಿಮೆ. ಚೀಲ ಸಿಗದಿದ್ದರೆ ದಪ್ಪ ಕೋರಾ ಬಟ್ಟೆ ಸಾಕು. ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಸೋಪು ಹಾಕಿ ಬಿಸಿನೀರಲ್ಲಿ ಒಗೆಯಿರಿ. ಬಟ್ಟೆ ಕುಗ್ಗುತ್ತದೆ, ಅದಕ್ಕೇ ಕತ್ತರಿ ಆಮೇಲೆ. ಗೆರೆ ಎಳೆಯಬೇಡಿ, ಒಂದು ಎಳೆ ಹಿಡಿದು ಎಳೆದು ತೆಗೆಯಿರಿ, ಅದು ಬಿಟ್ಟ ಜಾಗವೇ ನೇರ ಗೆರೆ, ಅದರ ಮೇಲೇ ಕತ್ತರಿಸಿ. ಅಂಚಿನ ಒಂದಿಂಚು ಜಾಗದ ಅಡ್ಡ ಎಳೆಗಳನ್ನು ಬಿಚ್ಚಿ, ಉಳಿದ ಎಳೆಗಳನ್ನು ಏಳೆಂಟು ಸೇರಿಸಿ ಗಂಟು ಹಾಕಿದರೆ ಕುಚ್ಚು. ಇದೆಲ್ಲ ನಾನು ಈಗ ಕಲಿತದ್ದು, ಅಜ್ಜಿಯ ಬಟ್ಟೆಯನ್ನು ತಿರುವಿ ನೋಡಿ ನೋಡಿ. ಅವಳು ಇದ್ದಾಗ ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳಿಕೊಡ್ತಿದ್ದಳು.

ಬಟ್ಟೆ ಒಗೆದು ಇಸ್ತ್ರಿ ಮಾಡಿ ಹಾಲಿನ ಟೀಪಾಯಿಗೆ ಹಾಸಿದ್ದೇನೆ. ಹಬ್ಬಕ್ಕೆ ಬಂದವರು ತೇರು ನೋಡಿ ಚೆಂದ ಅಂದರು. ಇದು ಉಪ್ಪಿಟ್ಟಿನ ಗೋಧಿ ಬಂದ ಚೀಲ, ಅಂತ ಈ ಸಲ ನಾನೇ ಹೇಳಿದೆ.

ನಿಮ್ಮ ಅಜ್ಜಿ, ಅಮ್ಮಂದಿರ ಪೆಟ್ಟಿಗೆಯಲ್ಲೂ ಇಂಥ ಚೀಲದ ಬಟ್ಟೆ ಇರಬಹುದು. ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಏನು ಕಂಡಿತು ಅಂತ ಬರೀತೀರಲ್ಲ?